ಗುಡಿಸಬಾರದ ಹೆಜ್ಜೆಗಳು

ಒಂದು ಊರಿತ್ತು. ಅದಕ್ಕೊಂದು ಹೆಸರೂ ಇತ್ತು. ಆದರೆ ಊರು ಎರಡಾದ ಮೇಲೆ ಎರಡೂ ಕಡೆಯವರು ಆ ಹೆಸರು ತಮ್ಮದೆಂದು ಎಳೆದಾಡಿದ್ದರಿಂದ ಉಳಿದ ಜನ ಅದನ್ನು ಬಾಯಿಗೆ ತರುವುದನ್ನೇ ಬಿಟ್ಟರು. ನಾವೂ ಬಿಡೋಣ.

ಆ ಊರಿಗೆ ಸುತ್ತ ಒಂದು ಗೋಡೆ, ಒಳಗೆ ಒಂದೇ ಬೀದಿ. ಮೂಡಣದಿಂದ ಪಡುವಣಕ್ಕೆ ಹಾದುಹೋದ ಉದ್ದನೆಯ ಬೀದಿ. ನೆಲವೆಲ್ಲ ಜಿಗುಟು ಜೇಡಿಮಣ್ಣು. ಆ ಮಣ್ಣಿಗೊಂದು ಗುಣವಿತ್ತು. ಯಾರಾದರೂ ಮನೆಯಿಂದ ಹೊರಟರೆ, ಹೊಸ್ತಿಲು ದಾಟಿ ನೆಲಕ್ಕಿಟ್ಟ ಮೊದಲ ಹೆಜ್ಜೆ ಅಲ್ಲೇ ನಿಂತುಬಿಡುತ್ತಿತ್ತು. ಗಾಳಿಗೆ ಹಾರುತ್ತಿರಲಿಲ್ಲ, ಮಳೆಗೆ ಕರಗುತ್ತಿರಲಿಲ್ಲ. ಹೋದವರು ತಿರುಗಿ ಬಂದು ಅದರ ಮೇಲೆ ಕಾಲಿಟ್ಟಾಗ ಅದು ತಾನಾಗಿ ಅಳಿಯುತ್ತಿತ್ತು. ಅದನ್ನು ಮುಂಚೆಯೇ ಅಳಿಸುವ ಶಕ್ತಿ ಇದ್ದದ್ದು ಪೊರಕೆಯೊಂದಕ್ಕೆ. ಪೊರಕೆ ತಾಗಿ ಹೆಜ್ಜೆ ಹೋಯಿತೆಂದರೆ, ಹೋದವರು ಬೀದಿಗೆ ಬಂದು ನಿಂತರೂ ಅವರಿಗೆ ತಮ್ಮ ಮನೆ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಹೆತ್ತವಳೂ ಕಾಣುತ್ತಿರಲಿಲ್ಲ.

ನಮ್ಮ ಮನೆಗಳಲ್ಲೂ ಯಾರಾದರೂ ಪ್ರಯಾಣ ಹೊರಟ ಕೂಡಲೇ ಕಸ ಗುಡಿಸಬಾರದೆಂದು ಅಜ್ಜಿಯರು ಕೈಯಿಂದ ಪೊರಕೆ ಕಿತ್ತುಕೊಳ್ಳುವುದುಂಟಲ್ಲ, ಅದು ಆ ಊರಿನಿಂದಲೇ ಬಂದದ್ದಿರಬೇಕು.

ಹೀಗಾಗಿ ಅಲ್ಲಿ ಬೀದಿಯ ಪೊರಕೆಯನ್ನು ಸಿಕ್ಕಸಿಕ್ಕವರು ಹಿಡಿಯುವಂತಿರಲಿಲ್ಲ. ಅದಕ್ಕೆಂದೇ ಒಬ್ಬಳಿದ್ದಳು. ಊರು ಅವಳನ್ನು ಪೊರಕೆಯವಳು ಎನ್ನುತ್ತಿತ್ತು. ಅವಳ ಅತ್ತೆ ಸಾಯುವ ಮುಂಚೆ ಪೊರಕೆಯನ್ನು ಅವಳ ಕೈಗಿಟ್ಟು, ಹೋದವರ ಹೆಜ್ಜೆ ಮುಟ್ಟುವುದಿಲ್ಲವೆಂದು ಮೂರು ಸಲ ಹೇಳಿಸಿದ್ದಳು. ಮೂರನೆಯ ಸಲ ಸೊಸೆಯ ದನಿ ಸಣ್ಣಗಾಯಿತೆಂದು ನಾಲ್ಕನೆಯ ಸಲವೂ ಹೇಳಿಸಿದಳು.

ಪೊರಕೆಯವಳು ಬೆಳಗಾದರೆ ಸೆರಗು ಸಿಕ್ಕಿಸಿ ಬೀದಿಗಿಳಿಯುತ್ತಿದ್ದಳು. ಎಲೆ, ಸಗಣಿ, ಸಿಪ್ಪೆ ಎಲ್ಲ ಗುಡಿಸುತ್ತಿದ್ದಳು; ಹೆಜ್ಜೆ ಬಂದಾಗ ಪೊರಕೆಯನ್ನು ಎತ್ತಿ ಆಚೆಗಿಟ್ಟು ಮತ್ತೆ ಗುಡಿಸುತ್ತಿದ್ದಳು. ಬಗ್ಗಿ ಬಗ್ಗಿ ಅವಳಿಗೆ ಊರಿನವರ ಮುಖಕ್ಕಿಂತ ಪಾದವೇ ಹೆಚ್ಚು ಗುರುತು. ಬಳೆಗಾರನದು ದೋಸೆ ಹುಯ್ದ ಹಾಗೆ ಚಪ್ಪಟೆ ಪಾದ. ಮೇಷ್ಟರು ಸದಾ ಬಲಗಾಲ ಹೆಬ್ಬೆರಳ ಮೇಲೆ ಭಾರ ಹಾಕುತ್ತಿದ್ದರು. ಯಾವುದಾದರೂ ಹೊಸ್ತಿಲ ಮುಂದೆ ಎಳೆಯ ಹೆಜ್ಜೆಯೊಂದು ಹಿಮ್ಮಡಿಯವರೆಗೆ ಹೂತಿದ್ದರೆ, ಆ ಮನೆಯ ಸೊಸೆ ಮುನಿಸಿಕೊಂಡು ತವರಿಗೆ ಹೊರಟಳೆಂದು ಅರ್ಥ. ಗಂಡನಿಗೆ ತಿಳಿಯುವ ಮೊದಲೇ ಪೊರಕೆಯವಳಿಗೆ ತಿಳಿಯುತ್ತಿತ್ತು. ಯಾರ ಗುಟ್ಟನ್ನೂ ಅವಳು ಆಡಿಕೊಂಡವಳಲ್ಲ. ಸಂಜೆಯಾದರೆ ಎಲ್ಲರೂ ಬರುತ್ತಿದ್ದರು, ಹೆಜ್ಜೆಗಳೆಲ್ಲ ಅಳಿಯುತ್ತಿದ್ದವು, ಬೀದಿ ತೊಳೆದಿಟ್ಟ ತಟ್ಟೆಯಂತಾಗುತ್ತಿತ್ತು.

ಅವಳಿಗೆ ಗಂಡನಿರಲಿಲ್ಲ, ಒಬ್ಬಳು ಮಗಳಿದ್ದಳು. ಮಗಳ ಎಡಗಾಲ ಕಿರುಬೆರಳು ಹುಟ್ಟಿನಿಂದ ಮೇಲಕ್ಕೆ ಸೆಟೆದುಕೊಂಡಿತ್ತು, ನೆಲಕ್ಕೆ ತಾಗುತ್ತಿರಲಿಲ್ಲ. ಅವಳ ಎಡ ಹೆಜ್ಜೆಗೆ ನಾಲ್ಕೇ ಬೆರಳು. ಇವಳಿಗೆ ಭೂಮಿ ಕೂಡ ಪೂರ್ತಿ ಬೇಡವಂತೆ, ಕಿರುಬೆರಳಷ್ಟು ಬಿಟ್ಟುಕೊಟ್ಟಿದ್ದಾಳೆ ಎಂದು ತಾಯಿ ಅವಳನ್ನು ರೇಗಿಸುತ್ತಿದ್ದಳು.

ಹೀಗಿರುವಾಗ ಗೋಡೆಯ ಹಳೆಯ ಹೆಬ್ಬಾಗಿಲು ಒಂದು ದಿನ ಕುಸಿದುಬಿತ್ತು. ಹೊಸ ಬಾಗಿಲು ಯಾವ ದಿಕ್ಕಿಗೆ ಇರಬೇಕೆಂದು ಮಾತು ಬಂತು. ಸೂರ್ಯ ಹುಟ್ಟುವ ದಿಕ್ಕಿಗೆ ಎಂದರು ಕೆಲವರು. ಮುಳುಗುವ ದಿಕ್ಕಿಗೆ, ದುಡಿದವರು ಮನೆಗೆ ಬರುವುದು ಆಗಲ್ಲವೆ ಎಂದರು ಕೆಲವರು. ಎರಡೂ ಒಳ್ಳೆಯ ಮಾತೇ. ಒಳ್ಳೆಯ ಮಾತಿಗೆ ಹಟ ಸೇರಿತು, ಹಟಕ್ಕೆ ಕಲ್ಲು ಸೇರಿತು, ಕಲ್ಲಿಗೆ ಕತ್ತಿ ಸೇರಿತು. ಬೀದಿಯ ನಡುವೆ ಅಡ್ಡಕ್ಕೆ ಸುಣ್ಣದ ಗೆರೆ ಬಿತ್ತು. ಒಂದು ತುದಿಗೆ ಮೂಡಣದ ದಳವಾಯಿ, ಇನ್ನೊಂದು ತುದಿಗೆ ಪಡುವಣದ ದಳವಾಯಿ. ಇಬ್ಬರೂ ಒಂದೊಂದು ಕಲ್ಲುಮನೆ ಕಟ್ಟಿಸಿಕೊಂಡರು. ಹೊಸ ಬಾಗಿಲು ಮಾತ್ರ ಯಾವ ಕಡೆಗೂ ಏಳಲಿಲ್ಲ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಬಡವಾಗಲು ಕೂಸು ಉಳಿದರೆ ತಾನೆ? ಬಾವಿಗೆ ಕಾವಲು ಬಿತ್ತು. ಶಾಲೆಯಲ್ಲಿ ಕತ್ತಿ ಮಸೆಯತೊಡಗಿದರು, ಮಕ್ಕಳು ಮಗ್ಗಿ ಮರೆತರು. ಇವತ್ತು ಮೂಡಣದವರು ಎರಡು ಮನೆ ಸುಟ್ಟರೆ ನಾಳೆ ಪಡುವಣದವರು ಎರಡು. ಆಮೇಲೆ ಜನರನ್ನು ಕಲ್ಲುಮನೆಗಳಿಗೆ ಕರೆದೊಯ್ಯುವುದು ಶುರುವಾಯಿತು. ಎದುರಿನವರನ್ನು ಎದುರಿನವರೆಂದು ಒಯ್ದರು. ತಮ್ಮವರನ್ನು, ಎದುರಿನವರ ಜೊತೆ ನಕ್ಕರೆಂದು ಒಯ್ದರು. ಎರಡೂ ಕಡೆಯ ಸೈನಿಕರು ಹಾಡಹಗಲೇ ಬಾಗಿಲು ಬಡಿದು ಒಂದೇ ಮಾತು ಹೇಳುತ್ತಿದ್ದರು.

“ಎರಡು ಮಾತು ಕೇಳಿ ಕಳಿಸ್ತೀವಿ.”

ಬಳೆಗಾರನಿಗೆ ಹಾಗೇ ಹೇಳಿದರು, ಅವನು ಊಟದ ತಟ್ಟೆ ಮುಚ್ಚಿಟ್ಟು ಹೋದ. ಮೇಷ್ಟರಿಗೆ ಹಾಗೇ ಹೇಳಿದರು, ಅವರು ಕನ್ನಡಕ ಮರೆತು ಹೋದರು. ಕುಂಬಾರನಿಗೆ ಹಾಗೇ ಹೇಳಿದರು, ಅವನು ಕೈಗೆ ಮೆತ್ತಿದ ಮಣ್ಣು ತೊಳೆಯದೆ ಹೋದ. ಸಂಜೆಗಳು ಬಂದವು, ಹೆಜ್ಜೆಗಳು ಅಳಿಯಲಿಲ್ಲ. ಪೊರಕೆಯವಳಿಗೆ ಹೊತ್ತೇರುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸ ಮಧ್ಯಾಹ್ನದವರೆಗೆ ಎಳೆಯತೊಡಗಿತು. ಹೆಜ್ಜೆ ಹೆಜ್ಜೆಯ ನಡುವೆ ಬೆರಳಿನಿಂದ ಕಸ ಹೆಕ್ಕಬೇಕಾಗುತ್ತಿತ್ತು. ಹೆಂಗಸರು ಬೆಳಗ್ಗೆ ಎದ್ದು ಹೆಜ್ಜೆಯ ಸುತ್ತ ರಂಗೋಲಿ ಎಳೆಯುತ್ತಿದ್ದರು. ಹಿಟ್ಟು ಮುಗಿದಾಗ ಬೂದಿಯಲ್ಲಿ ಎಳೆದರು. ಆ ಹೆಂಗಸರನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ. ಒಲೆ ಹೊತ್ತದ ಮನೆಯಲ್ಲೂ ರಂಗೋಲಿ ತಪ್ಪಲಿಲ್ಲ.

ಸುಣ್ಣದ ಗೆರೆ ದಾಟುವ ಹಕ್ಕು ಇದ್ದದ್ದು ಪೊರಕೆಯವಳೊಬ್ಬಳಿಗೆ. ದಳವಾಯಿಗಳಿಬ್ಬರಿಗೂ ಕಸ ಕಂಡರೆ ಆಗದು. ತಾಯಿ ದಾಟುತ್ತಾಳಲ್ಲ, ಮಗಳು ದಾಟಿದರೇನು ಎಂದುಕೊಂಡಳು ಮಗಳು. ಗೆರೆಯಾಚೆ ಬಾಣಂತಿಯೊಬ್ಬಳು ಗಂಜಿಯಿಲ್ಲದೆ ಮಲಗಿದ್ದಳು. ಬಿಸಿ ಆರುವುದರೊಳಗೆ ಕೊಟ್ಟು ಬರುತ್ತೇನೆಂದು ಚೆಂಬು ಹಿಡಿದು ಹೊರಟಳು. ಹೊಸ್ತಿಲ ಮುಂದೆ ಎಡಗಾಲಿನ ಹೆಜ್ಜೆ ಬಿತ್ತು, ನಾಲ್ಕು ಬೆರಳು. ತಾಯಿ ಬೀದಿಯ ಕೊನೆಯಿಂದ ಗುಡಿಸಿಕೊಂಡು ಬರುವಾಗ ಚೆಂಬು ಗೆರೆಯ ಮೇಲೆ ಉರುಳಿತ್ತು. ಗಂಜಿ ಗೆರೆಯ ಎರಡೂ ಕಡೆಗೆ ಹರಿದಿತ್ತು. ಒಯ್ದವರು ಯಾರೆಂದು ಆ ಗಂಜಿಯನ್ನು ನೋಡಿ ಹೇಳಲು ಬರುತ್ತಿರಲಿಲ್ಲ.

ಅಂದಿನಿಂದ ಅವಳು ತನ್ನ ಮನೆಯ ಮುಂದೆ ಬಂದಾಗಲೂ ಪೊರಕೆಯನ್ನು ಎತ್ತಿ ಆಚೆಗಿಟ್ಟು ಗುಡಿಸತೊಡಗಿದಳು.

ಬಡಿದಾಡಿ ಬಡಿದಾಡಿ ದಳವಾಯಿಗಳಿಗೂ ಆಯಾಸವಾಯಿತು. ಬೆಟ್ಟದಾಚೆಯಿಂದ ತಕ್ಕಡಿಯವನನ್ನು ಕರೆಸುವುದೆಂದು ಮಾತಾಯಿತು. ಸುತ್ತಿನ ಊರುಗಳಲ್ಲಿ ನ್ಯಾಯ ಹೇಳುವವನು ಅವನು. ಎರಡೂ ಕಡೆಯವರು ಒಪ್ಪಿದ್ದೇಕೆಂದರೆ ಇಬ್ಬರಿಗೂ ಅವನ ಪರಿಚಯವಿರಲಿಲ್ಲ. ಅವನು ಬಂದು ಬೀದಿ ನೋಡಿ, ತಪ್ಪು ಯಾರದೆಂದು ತೂಗಿ, ಬಾಗಿಲು ಎತ್ತ ಇಡಬೇಕೆಂದು ಹೇಳುವುದು. ಒಂಬತ್ತು ದಿನದಲ್ಲಿ ಬರುತ್ತೇನೆಂದು ಹೇಳಿಕಳಿಸಿದ.

ಮಾರನೆಯ ದಿನವೇ ಮೂಡಣದ ದಳವಾಯಿ ಪೊರಕೆಯವಳನ್ನು ಕರೆಸಿದ. ಮಣೆ ಕೊಡಿಸಿದ, ಮಜ್ಜಿಗೆ ಕೊಡಿಸಿದ. ತಾವು ಒಯ್ದವರ ಹೆಜ್ಜೆಗಳನ್ನೆಲ್ಲ ಗುಡಿಸಿಬಿಡಬೇಕು, ಪಡುವಣದವರು ಒಯ್ದವರದು ಹಾಗೇ ಇರಲಿ, ಯಾರದು ಯಾವುದೆಂದು ನಿನಗಿಂತ ಬಲ್ಲವರಿಲ್ಲ ಎಂದ. ಅವಳು ತಲೆಯಾಡಿಸಲಿಲ್ಲ. ಆಗ ಅವನು ದನಿ ಇಳಿಸಿ ಹೇಳಿದ:

“ನಿನ್ನ ಮಗಳು ನಮ್ಮ ಹತ್ರ ಇದಾಳೆ. ಬೀದಿ ಹಸನಾದ ದಿನ ಮನೆಗೆ ಬರ್ತಾಳೆ.”

ಅವಳು ಮಜ್ಜಿಗೆಯನ್ನು ಕುಡಿಯದೆ ಕೆಳಗಿಟ್ಟು ಎದ್ದಳು. ಮನೆಯವರೆಗೆ ಹೇಗೆ ನಡೆದಳೋ ಅವಳಿಗೇ ತಿಳಿಯದು. ಆ ಮಧ್ಯಾಹ್ನ ಬೀದಿಯಲ್ಲಿ ಯಾರೂ ಇಲ್ಲದಾಗ ಅವಳು ಪೊರಕೆ ಹಿಡಿದು ನಿಂತಳು. ಒಂದೇ ಒಂದು, ಉಳಿದದ್ದು ಆಮೇಲೆ ನೋಡೋಣ ಎಂದುಕೊಂಡಳು. ಕೆಟ್ಟ ಕೆಲಸವೆಲ್ಲ ಒಂದೇ ಒಂದು ಎಂದುಕೊಂಡೇ ಶುರುವಾಗುವುದು. ಹತ್ತಿರದಲ್ಲಿ ಮೂಡಣದವರು ಒಯ್ದ ಕುಂಬಾರನ ಹೆಜ್ಜೆಯಿತ್ತು. ಕಣ್ಣು ಮುಚ್ಚಿಕೊಂಡು ಒಂದು ಸಲ ಎಳೆದಳು. ಕಣ್ಣು ಬಿಟ್ಟಾಗ ಅಲ್ಲಿ ಬರೀ ರಂಗೋಲಿಯಿತ್ತು, ನಡುವೆ ಏನೂ ಇರಲಿಲ್ಲ.

ಮರುದಿನ ಬೆಳಗ್ಗೆ ಕುಂಬಾರ ಬಂದ.

ಊರ ಗೋಡೆಯನ್ನು ಎತ್ತರಿಸಲು ಕಲ್ಲು ಹೊರಿಸಿ ಹೊರಿಸಿ ಅವನ ಎರಡೂ ಕೈ ಮುರಿದಿದ್ದರು. ಇನ್ನು ಉಪಯೋಗವಿಲ್ಲವೆಂದು ಬಿಟ್ಟಿದ್ದರು. ಅವನು ಬೀದಿಯಲ್ಲಿ ನಡೆದು ಬಂದ. ಬಳೆಗಾರನ ಮನೆ ಕಂಡಿತು, ಮೇಷ್ಟರ ಮನೆ ಕಂಡಿತು, ನಡುವಿನ ತನ್ನ ಮನೆ ಕಾಣಲಿಲ್ಲ. ಅವನ ತಾಯಿ ಹೊಸ್ತಿಲಲ್ಲಿ ನಿಂತು ಮಗನೇ ಎಂದು ಕೂಗಿದಳು. ಅವನು ಅವಳ ಮುಖದ ಮೇಲಿಂದಲೇ ಕಣ್ಣು ಹಾಯಿಸಿ ಆಚೆ ನೋಡಿದ. ಅವಳು ಬಂದು ತೋಳು ಹಿಡಿದಳು. ಯಾರೋ ಬಟ್ಟೆ ಎಳೆದ ಹಾಗೆ ಅವನು ಕೊಡವಿಕೊಂಡು ಮುಂದೆ ನಡೆದ. ಬೀದಿಯ ತುದಿಗೆ ಹೋಗಿ ತಿರುಗಿ ಬಂದ, ಮತ್ತೆ ಹೋದ, ಮತ್ತೆ ಬಂದ.

ಪೊರಕೆಯವಳು ಇದನ್ನೆಲ್ಲ ನೋಡಿದಳು. ನೋಡಿದ್ದು ಅವಳ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು. ಬೇರೆ ಯಾರಾದರೂ ಆಗಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವಳು ಹೋಗಿ ಕುಂಬಾರನ ತಾಯಿಯ ಕಾಲ ಬಳಿ ಪೊರಕೆ ಇಟ್ಟು, ಗುಡಿಸಿದ್ದು ನಾನೇ, ಮಗಳ ಆಸೆಗೆ ಗುಡಿಸಿದೆ ಎಂದಳು.

ಮುದುಕಿ ಬೈಯಲಿಲ್ಲ, ಮಣ್ಣೂ ತೂರಲಿಲ್ಲ. ಆಮೇಲೆ ಅವಳನ್ನು ಕೈಹಿಡಿದು ಹಿತ್ತಿಲಿಗೆ ಕರೆದೊಯ್ದಳು. ಅಲ್ಲಿ ಕುಂಬಾರ ಮಣ್ಣು ತುಳಿಯುವ ಜಾಗ. ಅವನನ್ನು ಒಯ್ದ ದಿನ ತುಳಿಯುತ್ತಿದ್ದ ಮಣ್ಣು ಹಾಗೇ ಒಣಗಿತ್ತು, ಅದರ ತುಂಬ ಅವನದೇ ಪಾದ. ಇಬ್ಬರೂ ಸೇರಿ ಒಂದು ಪಾದವನ್ನು ಸುತ್ತ ಕೊರೆದು, ಮೊರದ ಮೇಲೆ ಎತ್ತಿಕೊಂಡು ಬಂದು, ರಂಗೋಲಿಯ ನಡುವೆ ಇಟ್ಟರು. ಕುಂಬಾರ ಏಳನೆಯ ಸಲ ಬೀದಿಯಲ್ಲಿ ಬರುವಾಗ ಅದರ ಮೇಲೆ ಕಾಲಿಟ್ಟ. ಹೊಸ್ತಿಲ ಹೆಜ್ಜೆಯಲ್ಲದಿದ್ದರೂ ಮಣ್ಣು ಅದನ್ನು ಒಪ್ಪಿಕೊಂಡಿತು. ಮಣ್ಣಿಗೆ ಮನುಷ್ಯರಿಗಿಂತ ಕರುಣೆ ಹೆಚ್ಚು. ಹೆಜ್ಜೆ ಪುಡಿಯಾಯಿತು. ಅವನು ತಲೆಯೆತ್ತಿ ಅವ್ವಾ ಎಂದ.

ತಾಯಿ ಮಗ ಅತ್ತು ಮುಗಿಸುವವರೆಗೆ ಪೊರಕೆಯವಳು ಜಗುಲಿಯ ಕೆಳಗೆ ಕೂತಿದ್ದಳು. ಆಮೇಲೆ ಮುದುಕಿ ಅವಳ ಪೊರಕೆಯನ್ನು ಎತ್ತಿ ಅವಳ ಕೈಗೇ ಕೊಟ್ಟಳು.

“ಮಣ್ಣಾದ್ರೆ ಪೊರಕೆಗೆ ಸಿಗುತ್ತೆ ಕಣವ್ವ. ಸುಟ್ಟ ಮಡಕೆನ ಯಾರಾದ್ರೂ ಗುಡಿಸೋಕಾಗುತ್ತಾ?”

ಅಷ್ಟು ಸಾಕಾಯಿತು. ಆ ದಿನವೇ ಪಡುವಣದ ದಳವಾಯಿಯೂ ಅವಳನ್ನು ಕರೆಸಿದ. ಅಲ್ಲೂ ಮಣೆ, ಅಲ್ಲೂ ಮಜ್ಜಿಗೆ. ತಾವು ಒಯ್ದವರ ಹೆಜ್ಜೆ ಗುಡಿಸಿದರೆ, ನಿನ್ನ ಮಗಳು ನಮ್ಮ ಹತ್ತಿರ ಇದ್ದಾಳೆ, ಕಳಿಸುತ್ತೇವೆ ಎಂದ. ಒಬ್ಬಳೇ ಮಗಳು ಎರಡು ಕಲ್ಲುಮನೆಗಳಲ್ಲಿ ಹೇಗಿರುತ್ತಾಳೆ? ಆದರೆ ಒಬ್ಬನಾದರೂ ನಿಜ ಹೇಳುತ್ತಿರಬಹುದಲ್ಲ. ಅದೇ ಅವಳನ್ನು ಕೊಂದದ್ದು. ದಾರಿಯುದ್ದಕ್ಕೂ ಅವಳು ಕೇಳಿಕೊಂಡಳು: ನಿಜವೇ ಆಗಿದ್ದರೆ? ಮನೆಯ ಮುಂದೆ ನಾಲ್ಕು ಬೆರಳಿನ ಹೆಜ್ಜೆಯ ಬಳಿ ಕೂತು ಅದಕ್ಕೇ ಹೇಳಿದಳು, ನಿನ್ನೊಬ್ಬಳನ್ನು ಕರೆಸಿಕೊಳ್ಳಲು ಇಷ್ಟು ಜನಕ್ಕೆ ಮನೆ ಕಾಣದ ಹಾಗೆ ಮಾಡಲಾರೆ ತಾಯಿ, ಮಾಡಿದರೆ ಬಂದ ಮೇಲೆ ನೀನೇ ನನ್ನ ಮುಖ ನೋಡುವುದಿಲ್ಲ. ಹಾಗೆ ಹೇಳಿ ಎದ್ದಳು. ಎದ್ದದ್ದು ದೊಡ್ಡ ಮಾತು.

ಕುಂಬಾರನ ಕೈ ಏಳುತ್ತಿರಲಿಲ್ಲ, ಬಾಯಿ ಇತ್ತು. ಅವನು ಹೇಳಿದ ಹಾಗೆ ಹೆಂಗಸರು ಮಾಡಿದರು. ತೆಳ್ಳನೆಯ ಕೆಸರನ್ನು ಹೆಜ್ಜೆಯ ಸುತ್ತ ಹೊಯ್ದು ಒಂದು ದಿನ ಬಿಟ್ಟು, ಹುರಿಯಿಂದ ಅಡಿ ಕೊಯ್ದು, ರೊಟ್ಟಿ ಎತ್ತುವ ಹಾಗೆ ಮೊರದ ಮೇಲೆ ಎತ್ತಿದರು. ಒಣಗಿದ ಮೇಲೆ ಹೆಜ್ಜೆ ಇದ್ದ ಆ ಮಣ್ಣಿನ ಬಿಲ್ಲೆಗಳನ್ನೆಲ್ಲ ಮಡಕೆ ಸುಡುವ ಆವಿಗೆಯಲ್ಲಿ ಜೋಡಿಸಿದರು. ಗೆರೆಯ ಆಚೆಯದು ಈಚೆಯದು ಎಂದು ಬೇರೆ ಮಾಡಲಿಲ್ಲ. ಮಾಡಲು ಜಾಗವೂ ಇರಲಿಲ್ಲ. ಆಚೆಯ ಹೆಜ್ಜೆಗಳನ್ನು ಕಸದ ಬುಟ್ಟಿಯಲ್ಲಿಟ್ಟು, ಮೇಲೆ ಎಲೆ ಮುಚ್ಚಿ, ಗೆರೆ ದಾಟಿಸಿದವಳು ಪೊರಕೆಯವಳೇ. ಸುಟ್ಟ ಮನೆಗಳಿಗೆ ಹೆಂಚು ಸುಡುತ್ತಿದ್ದಾರೆಂದು ಸೈನಿಕರು ತಿಳಿದರು. ಸೌದೆಯಿಲ್ಲದ ಊರಿನಲ್ಲಿ ಒಬ್ಬಳು ತೊಟ್ಟಿಲು ಕೊಟ್ಟಳು, ಮೇಷ್ಟರ ಹೆಂಡತಿ ಕರಿಹಲಗೆ ಕೊಟ್ಟಳು.

ಆವಿಗೆ ಉರಿಯುವ ಮೂರು ದಿನ ಇನ್ನೊಂದು ಭಯವಿತ್ತು. ಹೆಜ್ಜೆ ಹೊಸ್ತಿಲ ಮುಂದೆ ಇಲ್ಲದಾಗ ಹೋದವರು ಬಂದುಬಿಟ್ಟರೆ? ಅದಕ್ಕೆ ಪ್ರತಿ ಮನೆಯಿಂದ ಒಬ್ಬರು ಹೆಜ್ಜೆ ಇದ್ದ ಜಾಗದಲ್ಲಿ ಹೋಗಿ ನಿಂತರು. ಬಿಸಿಲು ಬಂತು, ನಿಂತರು. ಮಳೆ ಹೊಯ್ಯಿತು, ನಿಂತರು. ಕಾಲು ಬಾತವು, ಒಬ್ಬರು ಇಳಿದರೆ ಒಬ್ಬರು ನಿಂತರು. ಯಾರೂ ಇಲ್ಲದ ಮನೆಯ ಮುಂದೆ ಪಕ್ಕದ ಮನೆಯವರು ನಿಂತರು, ಆ ಪಕ್ಕದ ಮನೆ ಯಾವ ಕಡೆಯದೆಂದು ಕೇಳಲಿಲ್ಲ. ದಳವಾಯಿಗಳು ಬಂದು ನೋಡಿದರು. ಹೆಜ್ಜೆಯೊಂದೂ ಇಲ್ಲ. ಎದುರಿನವರದೂ ಹೋಗಿದೆಯೆಂದು ಸ್ವಲ್ಪ ಮುಖ ಕೆಟ್ಟರೂ, ತಮ್ಮದು ಹೋಯಿತಲ್ಲ ಎಂದು ಸಮಾಧಾನಪಟ್ಟರು. ಜನ ಯಾಕೆ ನಿಂತಿದ್ದಾರೆ ಎಂದು ಕೇಳಿದ್ದಕ್ಕೆ, ತಕ್ಕಡಿಯವರನ್ನು ಎದುರುಗೊಳ್ಳಲು ಎಂದಳು ಪೊರಕೆಯವಳು.

ಅವಳು ಇಬ್ಬರ ಬಳಿಗೂ ಹೋಗಿ ಮಗಳನ್ನು ಕೇಳಿದಳು. ಮೊದಲು ತಕ್ಕಡಿಯವನು ಹೋಗಲಿ, ಆಮೇಲೆ ನೋಡೋಣ ಎಂದರು ಇಬ್ಬರೂ.

ಒಂಬತ್ತನೆಯ ದಿನ ಬೆಳಗ್ಗೆ ಆವಿಗೆ ಬಿಚ್ಚಿದರು. ಹೊತ್ತೇರಿದ ಮೇಲೆ ತಕ್ಕಡಿಯವನು ಬಂದ. ಮುದುಕ, ಹೆಗಲ ಮೇಲೆ ಖಾಲಿ ತಕ್ಕಡಿ. ದಳವಾಯಿಗಳು ಎರಡು ಕಡೆಯಿಂದ ಕೈಹಿಡಿದು ಹಸನಾದ ಬೀದಿಗೆ ಅವನನ್ನು ಕರೆತಂದರು. ಬಂದು ನೋಡುತ್ತಾರೆ, ಹೊಸ್ತಿಲು ಹೊಸ್ತಿಲ ಮುಂದೆ ಕೆಂಪಗೆ ಸುಟ್ಟ ಒಂದೊಂದು ಹೆಜ್ಜೆ.

ತಕ್ಕಡಿಯವನು ಮೆಟ್ಟು ಬಿಟ್ಟ. ಬರಿಗಾಲಲ್ಲಿ ಒಂದೊಂದರ ಮುಂದೆಯೂ ನಿಂತ. ಪೊರಕೆಯವಳು ಪಕ್ಕದಲ್ಲೇ ನಡೆದು ಹೇಳುತ್ತ ಹೋದಳು. ಇದು ಬಳೆಗಾರನದು, ತಟ್ಟೆ ಇನ್ನೂ ಮುಚ್ಚಿಟ್ಟಿದೆ. ಇದು ಮೇಷ್ಟರದು, ಕನ್ನಡಕ ಗೂಡಿನಲ್ಲಿದೆ. ಇದು ನೀರಿಗೆ ಹೋದವಳದು, ಬಸುರಿ, ಅದಕ್ಕೇ ಇಷ್ಟು ಆಳ. ಮೂಡಣದ ದಳವಾಯಿಗೆ ಸಹಿಸಲಾಗಲಿಲ್ಲ, ಗುಡಿಸು ಎಂದು ಅಬ್ಬರಿಸಿದ. ಅವಳು ಪೊರಕೆಯನ್ನು ಅವನ ಕಡೆಗೇ ಚಾಚಿದಳು. ಅವನು ಅದನ್ನು ಮುಟ್ಟದೆ ಮೆಟ್ಟುಗಾಲಿನಲ್ಲಿ ಬಿಲ್ಲೆಯನ್ನು ತುಳಿದ. ಪಡುವಣದವನೂ ಬಂದು ತುಳಿದ. ಬಾಗಿಲ ವಿಷಯ ಬಂದಾಗಿನಿಂದ ಇಬ್ಬರೂ ಸೇರಿ ಮಾಡಿದ ಕೆಲಸ ಅದೊಂದೇ. ಬಿಲ್ಲೆ ಅಲುಗಲಿಲ್ಲ. ಅದು ಒಡೆಯುವುದು ಅದನ್ನು ಊರಿ ಹೋದವರ ಕಾಲಿಗೆ ಮಾತ್ರ.

ಕೊನೆಗೆ ಅವಳ ಮನೆ ಬಂತು. ಇದು ಯಾರದಮ್ಮ ಎಂದು ತಕ್ಕಡಿಯವನು ಕೇಳಿದ. ಅವಳು ಅವನಿಗೆ ಉತ್ತರ ಕೊಡದೆ ದಳವಾಯಿಗಳ ಕಡೆ ತಿರುಗಿದಳು. ನಮ್ಮ ಹತ್ತಿರ ಇವಳ ಮಗಳು ಯಾವತ್ತೂ ಇರಲಿಲ್ಲ ಎಂದ ಮೂಡಣದವನು, ಅವಳು ಬಾಯಿ ತೆರೆಯುವ ಮುಂಚೆಯೇ. ನಮ್ಮ ಹತ್ತಿರವೂ ಇಲ್ಲ ಎಂದ ಪಡುವಣದವನು. ಅವಳು ಅಳುತ್ತಾಳೆ, ಕೂಗುತ್ತಾಳೆ ಎಂದುಕೊಂಡರು ಬೀದಿಯವರು. ಅವಳು ಮೆಲ್ಲಗೆ ಕೇಳಿದಳು:

“ಎರಡು ಮಾತು ಕೇಳಿ ಕಳಿಸ್ತೀವಿ ಅಂತಿದ್ರಲ್ಲ ಬುದ್ಧೀ. ಅವಳನ್ನ ಯಾವ ಎರಡು ಮಾತು ಕೇಳಿದ್ರಿ?”

ಬಳೆಗಾರನ ಹೆಂಡತಿ ಅದನ್ನೇ ಕೇಳಿದಳು. ಮೇಷ್ಟರ ಹೆಂಡತಿ ಕೇಳಿದಳು. ಬೀದಿಯ ಎರಡೂ ಬದಿಯಿಂದ, ಗೆರೆಯ ಎರಡೂ ಕಡೆಯಿಂದ ಅದೇ ಪ್ರಶ್ನೆ ಎದ್ದಿತು, ಯಾವ ಎರಡು ಮಾತು. ಸೈನಿಕರಲ್ಲೂ ಕೆಲವರು ತಲೆ ತಗ್ಗಿಸಿದರು. ತಕ್ಕಡಿಯವನು ತಕ್ಕಡಿಯನ್ನು ಬಿಚ್ಚಲೇ ಇಲ್ಲ. ಇದರಲ್ಲಿ ತೂಗುವುದೇನಿದೆ ಎಂದ. ಎರಡೂ ಕಲ್ಲುಮನೆಗಳನ್ನು ತೆರೆಸಿದ.

ಕೆಲವರು ನಡೆದು ಬಂದರು. ಅವರು ಕಾಲಿಟ್ಟಾಗ ಬಿಲ್ಲೆಗಳು ಟಣ್ ಎಂದು ಒಡೆದವು. ಇನ್ನು ಕೆಲವರು ಕಲ್ಲುಮನೆಗಳ ಹಿಂದಿನ ನೆಲದಲ್ಲಿ ಸಿಕ್ಕರು, ಅವರ ಬಿಲ್ಲೆಗಳನ್ನು ಅವರ ಪಕ್ಕದಲ್ಲೇ ಇಟ್ಟು ಮಣ್ಣು ಮಾಡಿದರು. ಕೆಲವರು ಎಲ್ಲೂ ಸಿಗಲಿಲ್ಲ. ನಾಲ್ಕು ಬೆರಳಿನವಳು ಅವರಲ್ಲೊಬ್ಬಳು.

ಹೊರಡುವಾಗ ತಕ್ಕಡಿಯವನು, ಬಾಗಿಲು ಎತ್ತ ಇರಬೇಕೆಂದು ಪೊರಕೆಯವಳನ್ನೇ ಕೇಳಿದ. ಬಾಗಿಲು ಯಾಕೆ, ಗೋಡೆಯನ್ನೇ ತೆಗೆಸಿ, ಹೋದವರು ಯಾವ ದಿಕ್ಕಿನಿಂದ ಬರುತ್ತಾರೋ ಯಾರು ಬಲ್ಲರು ಎಂದಳು ಅವಳು. ಗೋಡೆ ಎತ್ತರಿಸಲು ಕಲ್ಲು ಹೊತ್ತವರೇ ಅದನ್ನು ಇಳಿಸಿದರು.

ಈಗ ಆ ಊರಿಗೆ ಗೋಡೆಯಿಲ್ಲ, ಬಾಗಿಲೂ ಇಲ್ಲ, ನಾಲ್ಕು ಕಡೆಯಿಂದಲೂ ದಾರಿ. ನಾಲ್ಕು ದಾರಿಗಳನ್ನೂ ಪೊರಕೆಯವಳೇ ಗುಡಿಸುತ್ತಾಳೆ, ಬೆನ್ನು ಬಾಗಿದೆ, ಹೊತ್ತು ಹಿಡಿಯುತ್ತದೆ. ಎಲ್ಲ ಮುಗಿಸಿ ಮನೆಯ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತು, ಒದ್ದೆ ಬಟ್ಟೆಯಿಂದ ಆ ಬಿಲ್ಲೆಯನ್ನು ಒರೆಸುತ್ತಾಳೆ. ಹಿಮ್ಮಡಿ ಒರೆಸುತ್ತಾಳೆ, ನಾಲ್ಕು ಬೆರಳು ಒರೆಸುತ್ತಾಳೆ. ಆಮೇಲೆ ಕಿರುಬೆರಳು ತಾಗದೆ ಉಳಿದ ಜಾಗವನ್ನೂ ಒರೆಸುತ್ತಾಳೆ.